ಹಿಂದಿನ ಸಾಲಿನ ನೆಲ

"ಗುರುಗಳೇ, ಮಗಳನ್ನು ನಾಟ್ಯಕ್ಕೆ ಸೇರಿಸಬೇಕು. ಒಳ್ಳೆಯ ನಾಟ್ಯಶಾಲೆ ಯಾವುದೆಂದು ಗುರುತಿಸುವುದು ಹೇಗೆ?"

ಕೇಳಿದವನು ಚಿದಂಬರ. ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಮಾತು ಕೇಳಿಕೊಂಡು ಹೋಗುವ ಗೃಹಸ್ಥ. ಮನೆಯಲ್ಲಿ ಈ ಒಂದು ವಿಷಯಕ್ಕೆ ಮಾತಿಗೆ ಮಾತು ಬೆಳೆದು ಅನ್ನ ಸೀದುಹೋಗುತ್ತಿತ್ತು. ಹೆಂಡತಿ ಒಂದು ಶಾಲೆಯ ಹೆಸರು ಹೇಳಿದರೆ ಅತ್ತಿಗೆ ಇನ್ನೊಂದರ ಹೆಸರು ಹೇಳುತ್ತಿದ್ದಳು.

ಗುರುಗಳು ಕೇಳಿದರು: "ನೀನು ಏನು ನೋಡಿ ಬಂದೆ?"

"ಹಬ್ಬದ ದಿನ ಎಲ್ಲ ಶಾಲೆಗಳ ಮಕ್ಕಳೂ ಕುಣಿದರು. ಎಲ್ಲವನ್ನೂ ಕೂತು ನೋಡಿದೆ. ಒಂದು ಶಾಲೆಯಲ್ಲಿ ಮುಂದೆ ನಿಂತಿದ್ದ ಹುಡುಗಿಯರಿದ್ದರಲ್ಲ, ಅವರ ಮೇಲಿಂದ ಕಣ್ಣು ಕೀಳಲಾಗಲಿಲ್ಲ ಗುರುಗಳೇ. ಅಲ್ಲಿಗೇ ಸೇರಿಸೋಣ ಅಂತ ಮನಸ್ಸು. ಆದರೂ ತಮ್ಮನ್ನು ಒಂದು ಮಾತು ಕೇಳಿಬಿಡೋಣ ಅಂತ ಬಂದೆ."

ಗುರುಗಳು ನಕ್ಕರು. "ಮನಸ್ಸು ಮಾಡಿಕೊಂಡೇ ಕೇಳಲು ಬಂದಿದ್ದೀಯ. ಇರಲಿ, ಕೂತುಕೋ. ಇಂಥದ್ದೇ ಮನಸ್ಸು ಮಾಡಿದ್ದ ಒಬ್ಬ ವರ್ತಕನ ಕತೆ ಹೇಳುತ್ತೇನೆ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಡೆ.

ಸೀರೆ ಕೊಳ್ಳುವುದರಲ್ಲಿ ಅವನನ್ನು ಏಮಾರಿಸಿದವರಿರಲಿಲ್ಲ. ನೇಕಾರ ಸೀರೆ ಬಿಚ್ಚಿ ಸೆರಗು ಹರಡಿದರೆ ಅವನು ಸೆರಗಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸೀರೆಯನ್ನು ಮಗುಚಿ ಹಾಕಿ ಹಿಂಬದಿಯ ಮೇಲೆ ಅಂಗೈ ಆಡಿಸುತ್ತಿದ್ದ. ಎಲ್ಲಿ ಎಳೆ ತುಂಡಾಗಿ ಗಂಟು ಬಿದ್ದಿದೆ, ಎಲ್ಲಿ ನೇಯುವವನ ಮನಸ್ಸು ಬೇರೆಲ್ಲೋ ಹೋಗಿತ್ತು, ಎಲ್ಲವೂ ಅವನ ಅಂಗೈಗೆ ಗೊತ್ತಾಗುತ್ತಿತ್ತು. "ಸೆರಗು ನಾಲ್ಕು ಜನಕ್ಕೆ ತೋರಿಸೋಕೆ ನೇಯ್ದಿದ್ದು. ಹಿಂಬದಿ ಯಾರಿಗೂ ತೋರಿಸೋಕಲ್ಲ. ಅದಕ್ಕೇ ಅದು ಸುಳ್ಳು ಹೇಳಲ್ಲ," ಎನ್ನುತ್ತಿದ್ದ. ನೇಕಾರರು ಅವನನ್ನು ಒಳಗೊಳಗೇ ಬೈದುಕೊಂಡು ಅವನಿಗೇ ಮಾರಿಹೋಗುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು. ಅವಳ ಕಾಲಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ತಾಯಿ ಒನಕೆ ಹಾಕಿದರೆ ಆ ಪೆಟ್ಟಿಗೆ ಕುಣಿಯುವಳು. ಮೊರದಲ್ಲಿ ಅಕ್ಕಿ ಕೇರಿದರೆ ಅದಕ್ಕೂ ಕುಣಿಯುವಳು. ಅಂಗಡಿಯಲ್ಲಿ ಅಪ್ಪ ಚರ್ರನೆ ಬಟ್ಟೆ ಹರಿದ ಸದ್ದು ಕೇಳಿದರೆ ಸಾಕು, ಆ ಸದ್ದಿನ ಕೊನೆಗೆ ಸರಿಯಾಗಿ ಒಂದು ಹೆಜ್ಜೆ ಕುಟ್ಟುವಳು. "ಮನೆ ಬಿದ್ದುಹೋಗುತ್ತೆ ಕಣೇ," ಎಂದು ತಾಯಿ ಗದರಿದರೆ ಆ ಗದರಿಕೆಯಲ್ಲೂ ಅವಳಿಗೊಂದು ತಾಳ ಸಿಗುತ್ತಿತ್ತು.

ವರ್ತಕ ಗೋಡೆಯಾಚೆಯ ಆ ಸದ್ದಿಗೆ ಒಂದು ಕಿವಿ ಕೊಟ್ಟುಕೊಂಡೇ ವ್ಯಾಪಾರ ಮಾಡುತ್ತಿದ್ದ. ಗಿರಾಕಿಗಳು ಚೌಕಾಸಿ ಮಾಡಿ ತಲೆ ತಿಂದ ದಿನವೂ ಅದು ಕೇಳಿದರೆ ಅವನ ಮುಖ ಅರಳುತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಆದರೆ ಅವನ ಸುಖವೆಲ್ಲ ಇದ್ದದ್ದು ಆ ಸದ್ದಿನಲ್ಲೇ.

ಇಂಥ ಕಾಲಿಗೆ ವಿದ್ಯೆ ಹೇಳಿಸದಿದ್ದರೆ ಪಾಪ ಎಂದು ಅವನಿಗೆ ಅನ್ನಿಸಿತು.

ಊರಿನಲ್ಲಿ ಎರಡು ನಾಟ್ಯಶಾಲೆಗಳಿದ್ದವು. ಒಂದು ದೊಡ್ಡ ಬೀದಿಯಲ್ಲಿ. ಅಲ್ಲಿನ ಆಚಾರ್ಯನ ಹೆಸರು ಹೇಳಿದರೆ ಸುತ್ತಲಿನ ಊರುಗಳೆಲ್ಲ ತಲೆದೂಗುತ್ತಿದ್ದವು. ಇನ್ನೊಂದು ಕುಂಬಾರರ ಬೀದಿಯ ಕೊನೆಯಲ್ಲಿ. ಅಲ್ಲಿ ಒಬ್ಬ ಮುದುಕಿ ಹೇಳಿಕೊಡುತ್ತಿದ್ದಳು. ಹಬ್ಬದಲ್ಲಿ ಎರಡೂ ಶಾಲೆಯ ಮಕ್ಕಳು ಕುಣಿದರು. ವರ್ತಕ ಕೂತು ನೋಡಿದ, ನಿನ್ನ ಹಾಗೆಯೇ. ಆಚಾರ್ಯನ ಶಾಲೆಯ ಮುಂದಿನ ಸಾಲು ಕುಣಿದಾಗ ಅವನ ಮೈಯೆಲ್ಲ ಜುಮ್ಮೆಂದಿತು. ಮುದುಕಿಯ ಮಕ್ಕಳಲ್ಲಿ ಯಾರು ಮುಂದಿನವರು, ಯಾರು ಹಿಂದಿನವರು ಎಂದೇ ತಿಳಿಯಲಿಲ್ಲ. ಸಾಲುಗಳು ಜಾಗ ಬದಲಿಸುತ್ತಲೇ ಇದ್ದವು. ನಡುವೆ ಒಂದು ಮಗುವಿಗೆ ಹೆಜ್ಜೆ ತಪ್ಪಿತು, ಪಕ್ಕದವಳು ನಕ್ಕು ಕೈಹಿಡಿದು ಎಳೆದುಕೊಂಡಳು. ಇದೆಂಥ ಕುಣಿತ ಎಂದುಕೊಂಡು ವರ್ತಕ ಎದ್ದುಬಂದ.

ಎಷ್ಟಾದರೂ ವರ್ತಕ, ಸರಕು ನೋಡದೆ ಒಪ್ಪುವವನಲ್ಲ. ಆಚಾರ್ಯನ ಶಾಲೆಯನ್ನು ಒಳಗೆ ಹೋಗಿ ನೋಡಿದ. ವಿಶಾಲವಾದ ಗಾರೆ ನೆಲ. ನೆಲದ ತುಂಬ ಬಣ್ಣದ ಹೂಬಳ್ಳಿ. ಮುಂದೆ, ಆಚಾರ್ಯನ ಪೀಠದ ಬಳಿ, ಹೂಬಳ್ಳಿ ಸವೆದುಹೋಗಿತ್ತು. ಹಿಂದೆ, ಗೋಡೆಯ ಬಳಿ, ನಿನ್ನೆ ಬರೆದಂತಿತ್ತು.

"ಹಿಂದಿನ ಮೂಲೆಯನ್ನೂ ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀರಿ ಸ್ವಾಮಿ," ಎಂದು ವರ್ತಕ ಹೊಗಳಿದ. ಆಚಾರ್ಯನಿಗೂ ಸಂತೋಷವಾಯಿತು. ಮಗಳು ಮರುದಿನವೇ ಶಾಲೆ ಸೇರಿದಳು.

ಗಿಡ್ಡಗಿದ್ದಳು, ಆದರೂ ಹೊಸಬಳೆಂದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಅವಳಿಗೆ ಕಾಣುತ್ತಿದ್ದುದು ಮುಂದಿನವರ ಜಡೆಗಳು ಮಾತ್ರ. ಯಾರು ಯಾವ ಕಾಲು ಎತ್ತುತ್ತಾರೆ ಎಂದು ಕಾಣುತ್ತಿರಲಿಲ್ಲ. ತಾಳ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ನಾಟ್ಯದಲ್ಲಿ ಮೊದಲು ಏಳುವುದು ಬಲಗಾಲು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ. ತಾಳ ಬಿದ್ದ ಕೂಡಲೇ ಅವಳು ತನಗೆ ಬಂದ ಹಾಗೆ ಎಡಗಾಲು ಕುಟ್ಟಿದಳು. ಪೆಟ್ಟು ಕೂದಲೆಳೆಯಷ್ಟೂ ಆಚೀಚೆ ಆಗದೆ ತಾಳದ ಮೇಲೇ ಬಿತ್ತು. ಆದರೆ ಕಾಲು ತಪ್ಪಾಗಿತ್ತು. ಅಕ್ಕಪಕ್ಕದ ಹುಡುಗಿಯರು ಕಿಸಕ್ಕನೆ ನಕ್ಕರು. ಎಡಚಿ ಎಂದು ಹೆಸರಿಟ್ಟರು.

ಆಚಾರ್ಯ ಕೆಟ್ಟವನೆಂದು ತಿಳಿಯಬೇಡ. ಅವನ ವಿದ್ಯೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಪೀಠದಿಂದ ಏಳುತ್ತಿರಲಿಲ್ಲ. ಪೀಠದಿಂದ ಅವನ ಕಣ್ಣು ಎಷ್ಟು ದೂರ ಹೋಗುತ್ತಿತ್ತೋ ಅಷ್ಟೇ ಅವನ ಶಾಲೆ. ಒಂದು ದಿನ ಹಿಂದಿನಿಂದ ನಗು ಕೇಳಿ ಅವನಿಗೆ ಪಾಠ ಕೆಟ್ಟಿತು. "ಯಾರದು ಹಿಂದೆ? ಹೆಜ್ಜೆ ಬರೋವರೆಗೂ ಕಾಲು ಸದ್ದು ಮಾಡಬೇಡ," ಎಂದ. ಹೇಳಿದವನು ಆಗಲೇ ಮರೆತ. ಕೇಳಿದವಳು ಮರೆಯಲಿಲ್ಲ.

ಅವತ್ತಿನಿಂದ ಮಗು ಮನೆಯಲ್ಲೂ ತುದಿಗಾಲಿನಲ್ಲಿ ನಡೆಯತೊಡಗಿತು.

ಗೋಡೆಯಾಚೆ ಸದ್ದು ನಿಂತಿತು. ವರ್ತಕ ಏನು ತಿಳಿದುಕೊಂಡ ಗೊತ್ತೇ? ವಿದ್ಯೆ ಹತ್ತುತ್ತಿದೆ, ನಡಿಗೆಗೆ ನಯ ಬಂದಿದೆ ಎಂದು ತಿಳಿದ. ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡ. "ನಮ್ಮ ಹುಡುಗಿ ಈಗ ನಡೆದರೆ ನೆಲಕ್ಕೇ ಗೊತ್ತಾಗಲ್ಲ," ಎಂದು ಬೀಗಿದ. ಮಕ್ಕಳನ್ನು ಹೆತ್ತವರು ಎಷ್ಟು ಸುಲಭವಾಗಿ ಬೀಗುತ್ತಾರೆ ಎಂದು ನಿನಗೂ ಗೊತ್ತಿರಬೇಕು.

ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಅಲ್ಲಾ, ನಾನು ಒನಕೆ ಹಿಡಿದ ಕೂಡಲೆ ಮಗು ಎದ್ದು ಹಿತ್ತಲಿಗೆ ಹೋಗುತ್ತಲ್ಲ, ಅದನ್ನ ನೋಡಿದ್ದೀರಾ?"

ವರ್ತಕ ಅರ್ಧ ಊಟಕ್ಕೇ ಎದ್ದ. ಕೈತೊಳೆದು ಬಂದು ಮಗಳನ್ನು ಅಂಗಡಿಗೆ ಕರೆದ. ಒಂದು ತುಂಡು ಬಟ್ಟೆ ತೆಗೆದು ಅವಳೆದುರು ಚರ್ರನೆ ಹರಿದ. ಹರಿದು ಕಾದ. ಮಗುವಿನ ಕಾಲು ತಾನೇ ತಾನಾಗಿ ಮೇಲೆದ್ದಿತು. ಎದ್ದದ್ದು ಅಲ್ಲೇ ತಡೆಯಿತು. ಆಮೇಲೆ ಹತ್ತಿಯ ಮೇಲೆ ಇಟ್ಟಂತೆ ಮೆಲ್ಲಗೆ, ಸದ್ದಿಲ್ಲದೆ ಕೆಳಗಿಳಿಯಿತು.

"ಯಾಕಮ್ಮಾ?"

"ಹೆಜ್ಜೆ ಬರೋವರೆಗೂ ಸದ್ದು ಮಾಡಬಾರದಂತೆ ಅಪ್ಪಾ."

ವರ್ತಕ ಹರಿದ ಬಟ್ಟೆಯನ್ನು ಕೆಳಗಿಟ್ಟ. ಅವನು ಮಗಳಿಗೆ ಗೆಜ್ಜೆ ಕಟ್ಟಿಸಲು ಕಳಿಸಿದ್ದ. ಇದ್ದ ಹೆಜ್ಜೆಯೂ ಹೋಗಿತ್ತು. ಶಾಲೆ ಬಿಡಿಸಿದ. ಮುದ್ದು ಮಾಡಿದ, ಬೇಕಾದ್ದು ಕೊಡಿಸಿದ, ಮನೆಯಲ್ಲೇ ತಾನೂ ಪಂಚೆ ಎತ್ತಿಕಟ್ಟಿ ಕುಣಿದು ತೋರಿಸಿದ. ಮಗು ನಕ್ಕಿತು. ಆದರೆ ಕಾಲು ಸದ್ದು ಮಾಡಲಿಲ್ಲ. ಗೋಡೆಯ ಮುಂದೆ ಕೂತು ವ್ಯಾಪಾರ ಮಾಡುವುದು ಅವನಿಗೆ ಬೇಡವೆನಿಸಿತು. ಹೆಂಡತಿ, ಮಗಳು ಇದ್ದೂ ಮನೆ ಬಿಕೋ ಎನ್ನುತ್ತಿತ್ತು.

ಒಂದು ಸಂಜೆ ಹೀಗೇ ಮನಸ್ಸು ಸರಿಯಿಲ್ಲದೆ ಕಾಲು ಹೋದ ಕಡೆ ನಡೆದ. ಕುಂಬಾರರ ಬೀದಿಯಲ್ಲಿ ಒಂದು ಗೋಡೆಯಾಚೆಯಿಂದ ಸದ್ದು ಬಂತು. ಮಕ್ಕಳ ಹೆಜ್ಜೆಯ ಸದ್ದು. ಅವನು ಅಲ್ಲೇ ನಿಂತುಬಿಟ್ಟ. ನೂರು ಗೋಡೆಗಳ ನಡುವೆ ಅವನ ಕಿವಿಗೆ ಬೇಕಾಗಿದ್ದ ಗೋಡೆ ಅದೊಂದೇ. ಎಲ್ಲರ ಹೆಜ್ಜೆ ಒಟ್ಟಿಗೆ ಬೀಳುತ್ತಿತ್ತು. ನಡುವೆ ಒಂದು ಹೆಜ್ಜೆ ತಡವಾಗುತ್ತಿತ್ತು. ಆಗ ಎಲ್ಲರೂ ನಿಲ್ಲುತ್ತಿದ್ದರು. ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮತ್ತೆ ತಡವಾಗುತ್ತಿತ್ತು, ಮತ್ತೆ ನಿಲ್ಲುತ್ತಿದ್ದರು. ಗೋಡೆಗೊರಗಿ ಕೇಳುತ್ತಿದ್ದ ವರ್ತಕನಿಗೇ ಸಾಕುಸಾಕಾಯಿತು. ಒಳಗಿದ್ದವರಿಗೆ ಸಾಕಾದಂತೆ ಕಾಣಲಿಲ್ಲ.

ಪಾಠ ಮುಗಿದು ಮಕ್ಕಳು ಹೊರಗೋಡಿದ ಮೇಲೆ ಅವನು ಬಾಗಿಲಲ್ಲಿ ಕೆರ ಬಿಟ್ಟು ಒಳಗೆ ಹೋದ. "ಯಾರಪ್ಪಾ ಅದು? ಕೂತಿರು, ದೀಪ ಹಚ್ಚಿ ಬಂದೆ," ಎಂದು ಒಳಮನೆಯಿಂದ ಮುದುಕಿ ಕೂಗಿ ಹೇಳಿದಳು.

ವರ್ತಕ ಸುತ್ತ ನೋಡಿದ. ನೋಡುವಂಥದ್ದೇನೂ ಇರಲಿಲ್ಲ. ತಾಳ ತಟ್ಟುವ ಒಂದು ಮಣೆ, ಒಂದು ಕೋಲು, ಬರಿಯ ಗಾರೆ ನೆಲ. ಆ ನೆಲವೂ ಹಿಂದಿನ ಮೂಲೆಯಲ್ಲಿ ತಗ್ಗುಬಿದ್ದಿತ್ತು. ಅದನ್ನು ಸರಿಮಾಡಿಸುವ ಗತಿಯೂ ಇಲ್ಲವಲ್ಲ ಎಂದುಕೊಂಡು, ಆ ಮೂಲೆಯ ಗೋಡೆಗೇ ಒರಗಿ ಕೂತ. ಕೂತವನ ಕೈ ಸುಮ್ಮನಿರಬೇಕಲ್ಲ. ಅಂಗಡಿಯ ಅಭ್ಯಾಸ. ಅವನಿಗೆ ಅರಿವಿಲ್ಲದೆಯೇ ಅಂಗೈ ನೆಲದ ಮೇಲೆ ಆಡತೊಡಗಿತು, ಸೀರೆಯ ಹಿಂಬದಿಯ ಮೇಲೆ ಆಡುವಂತೆ.

ಅಂಗೈ ಒಂದು ಕಡೆ ನಿಂತಿತು.

ಅದು ಒಡೆದ ನೆಲವಾಗಿರಲಿಲ್ಲ. ಸವೆದ ನೆಲ. ತಗ್ಗು ನುಣ್ಣಗಿತ್ತು. ಅಂಗೈಯಗಲದ ಎರಡು ತಗ್ಗು, ಅಕ್ಕಪಕ್ಕ. ಮಗುವಿನ ಪಾದಗಳ ಅಳತೆ. ಒಂದೇ ಮಗುವಿನ ಪಾದ ಗಾರೆಯನ್ನು ಹಾಗೆ ಸವೆಸಲಾರದು. ಒಬ್ಬರಾದ ಮೇಲೊಬ್ಬರು ಎಷ್ಟೋ ಮಕ್ಕಳು, ಎಷ್ಟೋ ವರ್ಷ, ಅದೇ ಜಾಗದಲ್ಲಿ ನಿಂತು ಕುಟ್ಟಿದ್ದರು. ಅವನು ಮೊಣಕಾಲೂರಿ ಮುಂದೆ ಸರಿದು, ಮಣೆಯ ಎದುರಿನ ನೆಲವನ್ನೂ ಮುಟ್ಟಿ ನೋಡಿದ. ಅಲ್ಲೂ ಸವೆದಿತ್ತು, ಆದರೆ ಇಷ್ಟಿಲ್ಲ. ಮತ್ತೆ ಹಿಂದಿನ ಮೂಲೆಗೆ ಬಂದ. ಆಗ ಇನ್ನೊಂದು ಸಂಗತಿ ಕೈಗೆ ಸಿಕ್ಕಿತು. ಆ ಚಿಕ್ಕ ತಗ್ಗುಗಳ ಪಕ್ಕದಲ್ಲೇ ಇನ್ನೆರಡು ತಗ್ಗು. ಅವು ದೊಡ್ಡವು. ಅವು ಎಲ್ಲಕ್ಕಿಂತ ಆಳವಾಗಿದ್ದವು.

ದೀಪ ಹಿಡಿದು ಬಂದ ಮುದುಕಿ, ತನ್ನ ಶಾಲೆಯ ಮೂಲೆಯಲ್ಲಿ ಊರಿನ ದೊಡ್ಡ ಜವಳಿ ವರ್ತಕ ಮಂಡಿಯೂರಿ ನೆಲ ತಡವುತ್ತಿದ್ದುದನ್ನು ಕಂಡು, "ಏನಾದರೂ ಬೀಳಿಸಿಕೊಂಡೆಯೇನಪ್ಪಾ?" ಎಂದು ಕೇಳಿದಳು.

"ಅಮ್ಮಾ, ಇದು ಯಾರು ನಿಲ್ಲೋ ಜಾಗ?"

"ಅದಾ? ಅದು ಇಂಥವರದು ಅಂತೇನಿಲ್ಲ. ಯಾರಿಗೆ ಬರಲ್ಲವೋ ಅವರದು."

"ಮತ್ತೆ ಪಕ್ಕದ್ದು?"

"ಅದು ನಂದು," ಎಂದಳು.

 ಅವನಿಗೆ ಆಚಾರ್ಯನ ಶಾಲೆಯ ನೆಲ ನೆನಪಾಯಿತು. ಹಿಂದಿನ ಮೂಲೆಯಲ್ಲಿ ನಿನ್ನೆ ಬರೆದಂತಿದ್ದ ಆ ಹೂಬಳ್ಳಿ. ಅಲ್ಲಿ ನಿಂತ ಮಕ್ಕಳು ಯಾರೂ ಗಟ್ಟಿಯಾಗಿ ಹೆಜ್ಜೆ ಹಾಕಿರಲಿಲ್ಲ, ಹಾಕುವ ಮೊದಲೇ ಮನೆಗೆ ಹೋಗಿದ್ದರು. ಆಚಾರ್ಯ ಅಲ್ಲಿಗೆ ಒಮ್ಮೆಯೂ ಬಂದಿರಲಿಲ್ಲ. ಆ ಶಾಲೆ ತನ್ನ ಹಿಂಬದಿಯನ್ನು ಮುಚ್ಚಿಟ್ಟುಕೊಂಡಿರಲಿಲ್ಲ, ಹಾಸಿ ತೋರಿಸಿತ್ತು. ಇವನು ಅದನ್ನೇ ಚೊಕ್ಕಟ ಎಂದು ಹೊಗಳಿ, ಮಗುವನ್ನು ಒಯ್ದು ಅಲ್ಲೇ ನಿಲ್ಲಿಸಿದ್ದ. ಜನ್ಮವೆಲ್ಲ ಸೀರೆ ಮಗುಚಿ ನೋಡಿದವನು ಸೆರಗಿಗೆ ಮರುಳಾಗಿದ್ದ.

ಅವನು ಆ ದೊಡ್ಡ ತಗ್ಗುಗಳ ಮೇಲೆ ಎರಡೂ ಅಂಗೈ ಇಟ್ಟು ಹಣೆ ತಾಗಿಸಿದ. ದೇವರೆದುರೂ ಅವನು ಹಾಗೆ ಬಗ್ಗಿರಲಿಲ್ಲ.

ಇಲ್ಲಿಯವರೆಗೆ ನಾನೂ ಮುದುಕಿ, ಮುದುಕಿ ಎಂದೆ. ವರ್ತಕ ಹಾಗೆ ಕರೆಯುತ್ತಿದ್ದ, ಅದಕ್ಕೆ. ಅವತ್ತಿನಿಂದ ಅವನು ಅವರನ್ನು ತಾಯಿ ಎಂದೇ ಕರೆದ, ನಾನೂ ಹಾಗೇ ಕರೆಯುತ್ತೇನೆ.

ಮರುದಿನ ಮಗಳನ್ನು ಕರೆತಂದ. ಮಗು ತುದಿಗಾಲಿನಲ್ಲೇ ಹೊಸ್ತಿಲು ದಾಟಿತು. ಆ ತಾಯಿ ಅದನ್ನು ನೋಡಿದರು. ಕೈಹಿಡಿದು ಹಿಂದಿನ ಮೂಲೆಗೆ ಕರೆದೊಯ್ದರು. ಒಬ್ಬ ದೊಡ್ಡ ಹುಡುಗಿಯನ್ನು ತಾಳ ತಟ್ಟಲು ಮಣೆಯ ಮುಂದೆ ಕೂರಿಸಿದರು. ತಾವು ಬಂದು ಮಗುವಿನ ಪಕ್ಕದಲ್ಲಿ, ತಮ್ಮ ಜಾಗದಲ್ಲಿ ನಿಂತರು. ವರ್ತಕ ಬಾಗಿಲಲ್ಲೇ ನಿಂತು ನೋಡುತ್ತಿದ್ದ.

"ಮೊದಲು ಭೂಮಿತಾಯಿಗೆ ಕೈಮುಗಿ ಪುಟ್ಟಾ," ಎಂದರು. "ನಿನ್ನ ತುಳೀತೀನಿ ತಾಯಿ, ಹೊಟ್ಟೆಗೆ ಹಾಕ್ಕೋ ಅಂತ ಕೇಳ್ಕೋ."

ಮಗು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಿತು. ತಾಳ ಬಿತ್ತು. ಎಲ್ಲರೂ ಕುಟ್ಟಿದರು. ಮಗು ಕಾಲೆತ್ತಿ ಸದ್ದಿಲ್ಲದೆ ಇಳಿಸಿತು.

ಆ ತಾಯಿ ಅದು ಯಾವ ಕಾಲೆಂದು ನೋಡಿಕೊಂಡು, ಕೈಯೆತ್ತಿ ತಾಳ ನಿಲ್ಲಿಸಿದರು. "ಅಲ್ಲ ಪುಟ್ಟಾ, ತುಳೀತೀನಿ ಅಂತ ಹೇಳಿ, ಒಪ್ಪಿಗೆ ತಗೊಂಡು, ಆಮೇಲೆ ಹೀಗೆ ಮೆತ್ತಗೆ ಇಟ್ಟರೆ ಅವಳು ಏನಂದುಕೋತಾಳೆ? ಈ ಹುಡುಗಿ ಸುಮ್ಮಸುಮ್ಮನೆ ಕ್ಷಮೆ ಕೇಳಿದಳಲ್ಲ ಅಂತ ಬೇಜಾರು ಮಾಡ್ಕೊಳ್ಳಲ್ವಾ?"

ಮಗು ನೆಲ ನೋಡಿತು. ಆ ತಗ್ಗುಗಳಲ್ಲಿ ತನ್ನ ಪಾದ ಅಳತೆ ಮಾಡಿಸಿದಂತೆ ಕೂತಿದ್ದನ್ನು ನೋಡಿತು. ಪಕ್ಕದ ತಗ್ಗುಗಳಲ್ಲಿ ಆ ತಾಯಿಯ ಬಿರುಕುಬಿಟ್ಟ ಪಾದಗಳನ್ನೂ ನೋಡಿತು.

ಮತ್ತೆ ತಾಳ ಬಿತ್ತು. ಮಗು ಕುಟ್ಟಿತು. ಎಷ್ಟು ದಿನದಿಂದ ತಡೆದುಕೊಂಡಿದ್ದೋ ಏನೋ, ಗೋಡೆಯ ಗೂಡಿನಲ್ಲಿದ್ದ ದೀಪ ಅಲುಗಿತು. ಆದರೆ ಕುಟ್ಟಿದ್ದು ಎಡಗಾಲು. ಕುಟ್ಟಿದ ಮೇಲೆ ಅದಕ್ಕೇ ಗೊತ್ತಾಯಿತು. ಈಗ ನಗುತ್ತಾರೆ ಎಂದು ಮುಖ ಸಣ್ಣದು ಮಾಡಿಕೊಂಡು ಪಕ್ಕಕ್ಕೆ ನೋಡಿತು.

ಆ ತಾಯಿಯೂ ಎಡಗಾಲನ್ನೇ ಕುಟ್ಟಿದ್ದರು.

ಶಾಲೆಯೆಲ್ಲ ಬಲಗಾಲು. ಹಿಂದಿನ ಮೂಲೆಯಲ್ಲಿ ಇಬ್ಬರದು ಎಡಗಾಲು. ಒಬ್ಬಳಿಗೆ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ, ಇನ್ನೊಬ್ಬರಿಗೆ ಹಲ್ಲೇ ಉಳಿದಿರಲಿಲ್ಲ. ಮತ್ತೆ ತಾಳ, ಮತ್ತೆ ಇಬ್ಬರೂ ಎಡಗಾಲು. ಮಗುವಿನ ಮುಖದಲ್ಲಿದ್ದ ಹೆದರಿಕೆ ಹೋಯಿತು. ಅದು ತಾಳವನ್ನು ಬಿಟ್ಟು ಆ ತಾಯಿಯ ಕಾಲನ್ನೇ ನೋಡುತ್ತ ಕುಟ್ಟತೊಡಗಿತು. ಈಗ ನೋಡಲು ಅದಕ್ಕೆ ಒಂದು ಕಾಲು ಸಿಕ್ಕಿತ್ತು. ಇನ್ನೊಂದು ಸುತ್ತು ಬಂದಾಗ ಆ ತಾಯಿ ಏನೂ ಹೇಳದೆ ಬಲಗಾಲೆತ್ತಿದರು. ಮಗುವೂ ಬಲಗಾಲೆತ್ತಿತು. ಇಡೀ ಶಾಲೆಯ ಹೆಜ್ಜೆ ಒಂದಾಗಿ ನೆಲಕ್ಕೆ ಬಿತ್ತು.

ವರ್ತಕನಿಗೆ ಮುಂದಿನದು ಕಾಣಲಿಲ್ಲ. ಕಣ್ಣು ತುಂಬಿಬಂದಿತ್ತು. ವಿದ್ಯೆಯನ್ನು ಮೇಲಿನಿಂದ ಕೊಡುವುದನ್ನು ಅವನು ಕಂಡಿದ್ದ. ತಪ್ಪಿನ ಒಳಕ್ಕೇ ಇಳಿದುಹೋಗಿ, ಅಲ್ಲಿ ಒಂಟಿಯಾಗಿ ನಿಂತಿದ್ದ ಮಗುವನ್ನು ಕೈಹಿಡಿದು ಕರೆತರುವುದನ್ನು ಅವನು ಕಂಡಿದ್ದು ಅವತ್ತೇ. ಅಷ್ಟು ವರ್ಷ ಕುಣಿದು ಕುಣಿಸಿ ಕೀರ್ತಿ ಪಡೆಯಬಹುದಾಗಿದ್ದವರು ಆ ಮೂಲೆಯಲ್ಲಿ ಎಷ್ಟು ಮಕ್ಕಳ ಜೊತೆ ಬೇಕೆಂದೇ ತಪ್ಪು ಹೆಜ್ಜೆ ಹಾಕಿದ್ದರೋ ಎಂದು ನೆನೆದು ಅವನು ದಂಗಾಗಿ ನಿಂತ. ಆ ತಗ್ಗು ಅಷ್ಟು ಆಳವಾದದ್ದು ಹೇಗೆಂದು ಅವನಿಗೆ ಆಗ ತಿಳಿಯಿತು.

ಮುಂಗಾರು ಕಳೆಯುವ ಹೊತ್ತಿಗೆ ಜವಳಿ ಅಂಗಡಿಯ ಗೋಡೆ ಮತ್ತೆ ಅದುರತೊಡಗಿತ್ತು. ಒಬ್ಬ ಗಿರಾಕಿ ಬೆಚ್ಚಿಬಿದ್ದು, "ಏನ್ರೀ ಇದು, ಹಿಂದೆ ಮನೆ ಕೆಡವಿಸ್ತಾ ಇದ್ದೀರಾ?" ಎಂದ.

"ಇಲ್ಲ ಸ್ವಾಮಿ. ಈಗ ತಾನೇ ಎದ್ದು ನಿಂತಿದೆ," ಎಂದು ವರ್ತಕ ಬಟ್ಟೆ ಅಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

ಚಿದಂಬರನ ಕಣ್ಣೂ ಒದ್ದೆಯಾಗಿತ್ತು. ಹೆಗಲ ಮೇಲಿನ ವಸ್ತ್ರದಿಂದ ಒರೆಸಿಕೊಂಡ. ಮಠದ ನೆಲವನ್ನು ಅಂಗೈಯಿಂದ ಒಮ್ಮೆ ಸವರಿ ನೋಡಿದ. ನಾಳೆ ಬೆಳಗ್ಗೆಯೇ ಊರಿನ ಶಾಲೆಗಳ ಹಿಂದಿನ ಮೂಲೆಗಳನ್ನೆಲ್ಲ ನೋಡಿ ಬರಬೇಕೆಂದು ನಿಶ್ಚಯಿಸಿಕೊಂಡ. ಕತೆಯೆಲ್ಲ ಅರ್ಥವಾಯಿತು ಎಂಬ ಸಮಾಧಾನದಿಂದ ಎದ್ದು, ನಮಸ್ಕಾರ ಮಾಡಿ, ಹೊರಡುವ ಮೊದಲು ಒಂದು ಮಾತು ಕೇಳಿದ:

"ಗುರುಗಳೇ, ಆ ಹುಡುಗಿ ಮುಂದೆ ಏನಾದಳು? ದೊಡ್ಡ ನರ್ತಕಿಯಾದಳೇ?"

ಗುರುಗಳು ಅವನನ್ನೇ ನೋಡಿದರು.

"ಇಷ್ಟು ಹೇಳಿದ ಮೇಲೂ ನೀನು ಮುಂದೆಯೇ ನೋಡುತ್ತಿದ್ದೀಯಲ್ಲಪ್ಪಾ."